ಅಪ್ಪನ ಪಿಕಪ್‌ಗೆ ಎರಡು ಪಾಟಾ ಜಾಸ್ತಿ ಹಾಕಿಸಲೇ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆಯ ಹಳ್ಳಿ. ಅಪ್ಪ 2003ರಲ್ಲಿ ತಗೊಂಡ ಮಹೀಂದ್ರಾ ಪಿಕಪ್ ಇದೆ, ಹಳೇ ಡಿಐ ಇಂಜಿನ್. ಎರಡು ವರ್ಷದಿಂದ ತೋಟದ ಮನೆ ಮುಂದೆ ಬೇವಿನ ಮರದ ಕೆಳಗೆ ನಿಂತಿದೆ. ಮಾರೋಕೆ ಮನಸ್ಸಿಲ್ಲ. ದ್ರಾಕ್ಷಿ ಕಟಾವಿನ ಹೊತ್ತಿಗೆ ರೆಡಿ ಮಾಡಬೇಕು ಅಂತಿದ್ದೇನೆ. ಹಿಂದೆ ಎಡಗಡೆ ಕೂತಿದೆ. ಅದಕ್ಕೆ ಎರಡೂ ಕಡೆ ಎರಡೆರಡು ಪಾಟಾ (ಸ್ಪ್ರಿಂಗ್ ಪಟ್ಟಿ) ಜಾಸ್ತಿ ಹಾಕಿಸಿ, ಉದ್ದ ಶಾಕಲ್ (ಪಾಟಾದ ತುದಿಯನ್ನು ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಸೇರಿಸುವ ಕೊಂಡಿ) ಹಾಕಿ ಎತ್ತರ ಮಾಡಿಸಬೇಕು. ಹೆಡ್‌ಲೈಟ್ ಮಂಕು, ಎಲ್‌ಇಡಿ ಬಾರ್ ಕೂರಿಸಬೇಕು. ಬೇರೆ ಬ್ಯಾಟರಿ ಹಾಕಿ ನೋಡಿದರೆ ಸೆಲ್ಫ್ (ಸ್ಟಾರ್ಟರ್ ಮೋಟರ್) ಒಮ್ಮೊಮ್ಮೆ 'ಟಕ್' ಅಂದು ಸುಮ್ಮನಾಗುತ್ತದೆ. ಹೊಸ ಸೆಲ್ಫ್ ಹಾಕಿಸಿ ಅಂತ ಹೇಳಿದ್ದಾರೆ. ಯಾವುದು ಮೊದಲು ಮಾಡಿಸಲಿ?

ಉತ್ತರ: ಮಾರದೆ ಇಟ್ಟುಕೊಂಡಿದ್ದೀರಿ, ಒಳ್ಳೇದಾಯ್ತು. ಆ ಡಿಐ ಇಂಜಿನ್ 2523 ಸಿಸಿಯದು. ಅದರ ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್. ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಹಾಕಿ ನೋಡುವ ಕೆಲಸ ಇಲ್ಲ. ಪಾನಾ, ಮೀಟರ್, ಸ್ವಲ್ಪ ತಾಳ್ಮೆ ಇದ್ದರೆ ನಮ್ಮ ಕಡೆಯ ಯಾವ ಊರಲ್ಲಾದರೂ ರಿಪೇರಿ ಆಗುವ ಗಾಡಿ ಅದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಾಟಾ, ಶಾಕಲ್, ಎಲ್‌ಇಡಿ ಬಾರ್, ಹೊಸ ಸೆಲ್ಫ್, ಈ ನಾಲ್ಕರಲ್ಲಿ ಯಾವುದನ್ನೂ ಈಗ ಹಾಕಿಸಬೇಡಿ. ಗಾಡಿ ಕಂಪನಿಯಿಂದ ಬಂದಾಗ ಹೇಗಿತ್ತೋ ಮೊದಲು ಹಾಗೆ ತನ್ನಿ. ಆಮೇಲೆ ಒಂದು ತಿಂಗಳು ಓಡಿಸಿ ನೋಡಿ, ಇನ್ನೂ ಏನಾದರೂ ಸೇರಿಸಬೇಕು ಅನ್ನಿಸಿದರೆ ಸೇರಿಸಿ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಹಳೇ ಪಿಕಪ್‌ಗಳ ವೈರಿಂಗ್ ಮತ್ತು ಪಾಟಾ ಕೆಲಸ ಮಾಡಿದ್ದೇನೆ. ಅದರಲ್ಲಿ ಎಷ್ಟೋ ದಿನ ಹೋಗಿದ್ದು ಹಿಂದಿನವರು ಸೇರಿಸಿದ್ದನ್ನು ಬಿಚ್ಚಿ ತೆಗೆಯುವುದಕ್ಕೆ.

ಎರಡು ವರ್ಷ ನಿಂತ ಗಾಡಿ ಅಂದಮೇಲೆ ಮೊದಲ ಕೆಲಸ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಸಿಲಿಂಡರ್ ಒಳಗೆ ತುಕ್ಕು ಹಿಡಿಸುತ್ತದೆ. ನಾಲ್ಕೂ ಚಕ್ರ ಬಿಚ್ಚಿಸಿ, ಸಿಲಿಂಡರ್ ರಬ್ಬರ್ ಬದಲಿಸಿ, ಹೌಸಿಂಗ್ (ಹಿಂದಿನ ಎರಡು ಚಕ್ರದ ನಡುವಿನ ಆಕ್ಸಲ್ ಕವಚ) ಮೇಲೆ ಹೋಗುವ ಕಬ್ಬಿಣದ ಪೈಪನ್ನು ಕೈಯಿಂದ ಸವರಿ ನೋಡಿ, ಹೊಸ ಆಯಿಲ್ ಹಾಕಿಸಿ. ಡೀಸೆಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ತಳದಲ್ಲಿ ನೀರು, ಕೆಸರು ಖಂಡಿತ ಇರುತ್ತದೆ. ಫಿಲ್ಟರ್ ಬದಲಿಸಿ, ಕೈ ಪಂಪಿನಿಂದ ಗಾಳಿ ತೆಗೆಸಿ. ಏರ್ ಕ್ಲೀನರ್ ಡಬ್ಬಿ ತೆರೆದು ನೋಡಿ, ಇಲಿ ಗೂಡು ಕಟ್ಟಿರಬಹುದು. ಸೆಲ್ಫ್ ಹೊಡೆಯುವ ಮೊದಲು ಮುಂದಿನ ಪುಲ್ಲಿಗೆ ಪಾನಾ ಹಾಕಿ ಇಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಸಲೀಸಾಗಿ ತಿರುಗಿದರೆ ಧೈರ್ಯವಾಗಿ ಮುಂದುವರಿಯಿರಿ.

ಈಗ ಆ 'ಟಕ್' ಶಬ್ದಕ್ಕೆ ಬರೋಣ. ಇಂಥ ಗಾಡಿ ಬಂದಾಗ "ಸೆಲ್ಫ್ ಹೋಗೇತ್ರಿ, ಹೊಸಾದ ಹಾಕಸ್ರಿ" ಅನ್ನೋದು ಸುಲಭ. ಆದರೆ ಡೀಸೆಲ್ ಇಂಜಿನ್ ತಿರುಗಿಸುವಾಗ ಸೆಲ್ಫ್ 200 ಆಂಪಿಯರ್ ಆಸುಪಾಸು ಎಳೆಯುತ್ತದೆ. ಅಷ್ಟು ಕರೆಂಟು ಹೋಗುವಷ್ಟೇ ವಾಪಸ್ ಬರಬೇಕು. ಹೋಗುವುದು ದಪ್ಪ ಕೆಂಪು ಕೇಬಲ್ಲಿನಲ್ಲಿ. ವಾಪಸ್ ಬರುವುದು ಇಂಜಿನ್ನಿನ ಮೈಯಿಂದ, ಅದನ್ನು ಚಾಸಿಗೆ ಜೋಡಿಸುವ ಅರ್ಥ್ ಪಟ್ಟಿಯ ಮೂಲಕ, ಚಾಸಿ ಹಿಡಿದು, ಬ್ಯಾಟರಿಯ ಮೈನಸ್ಸಿಗೆ. ಈ ದಾರಿಯಲ್ಲಿ ಎಲ್ಲೋ ಒಂದು ಬೋಲ್ಟಿನ ಕೆಳಗೆ ತುಕ್ಕು ಕೂತು 0.005 ಓಮ್ ತಡೆ ಬಂದರೂ ಅಲ್ಲೇ 1 ವೋಲ್ಟ್ ಸತ್ತುಹೋಗುತ್ತದೆ. ಕಣ್ಣಿಗೆ ಕಾಣದಷ್ಟು ತುಕ್ಕು ಸಾಕು.

ಇದನ್ನು ನೀವೇ ಹಿಡಿಯಬಹುದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಡಿಜಿಟಲ್ ಮೀಟರ್ ತನ್ನಿ, ಡಿಸಿ 20ಕ್ಕೆ ಇಡಿ. ಗಾಡಿ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಇಂಜಿನ್ ಚಾಲೂ ಆಗದ ಹಾಗೆ ಸ್ಟಾಪ್ ಹಿಡಿದಿರಲಿ. ಮೊದಲು ಬ್ಯಾಟರಿ ಮೇಲೆ ನೋಡಿ. ರಾತ್ರಿಯಿಡೀ ಸುಮ್ನೆ ಬಿಟ್ಟ ಒಳ್ಳೇ ಬ್ಯಾಟರಿ 12.6 ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ತಪ್ಪು ಬ್ಯಾಟರಿಯದ್ದೇ ಇರಬಹುದು. ಬ್ಯಾಟರಿ ಸರಿ ಇದ್ದರೆ ಮೀಟರಿನ ಕಪ್ಪು ವೈರನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಒತ್ತಿ. ಕಂಬಕ್ಕೇ ಒತ್ತಬೇಕು, ಮೇಲಿನ ಕ್ಲಿಪ್ಪಿಗಲ್ಲ. ಕೆಂಪು ವೈರನ್ನು ಸೆಲ್ಫ್ ಮೋಟರಿನ ಮೈಗೆ, ಬಣ್ಣ ಕೆರೆದ ಜಾಗಕ್ಕೆ ಒತ್ತಿ. ಇನ್ನೊಬ್ಬರು ಕೀ ತಿರುಗಿಸಲಿ. ಮೀಟರ್ 0.3ರೊಳಗೆ ಇದ್ದರೆ ಅರ್ಥ್ ಸರಿ ಇದೆ. 1 ವೋಲ್ಟು, ಒಂದೂವರೆ ವೋಲ್ಟು ತೋರಿಸಿದರೆ ಕಳ್ಳ ಸಿಕ್ಕ. ಕ್ಲಿಪ್ಪು, ಪಟ್ಟಿಯ ಎರಡು ತುದಿ, ಚಾಸಿಯ ಬೋಲ್ಟು, ಒಂದೊಂದರ ಆಚೆ ಈಚೆ ಮೀಟರ್ ಇಡುತ್ತಾ ಹೋದರೆ ಯಾವ ಕೀಲಿನಲ್ಲಿ ವೋಲ್ಟೇಜ್ ಸಾಯುತ್ತಿದೆ ಅಂತ ಗೊತ್ತಾಗಿಬಿಡುತ್ತದೆ.

ಇನ್ನೊಂದು ಗುರುತು ಹೇಳುತ್ತೇನೆ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಅರ್ಥ್ ಪಟ್ಟಿ ಹರಿದರೆ ಕರೆಂಟಿಗೆ ಚಾಸಿಗೆ ಬರಲು ನೇರ ದಾರಿ ಇಲ್ಲ. ಆಗ ಅದು ಎಕ್ಸಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ಸಿಕ್ಕಿದ್ದರಲ್ಲಿ ನುಗ್ಗುತ್ತದೆ. ನಾಲ್ಕೈದು ಸಲ ಸೆಲ್ಫ್ ಹೊಡೆದು ಎಕ್ಸಲರೇಟರ್ ಕೇಬಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಬೇರೆ ಪರೀಕ್ಷೆಯೇ ಬೇಡ. ನನ್ನ ಹತ್ತಿರ ಒಂದು ಪಿಕಪ್ ಬಂದಿತ್ತು, ಎರಡು ವರ್ಷದಲ್ಲಿ ಮೂರು ಎಕ್ಸಲರೇಟರ್ ಕೇಬಲ್ ಬದಲಿಸಿದ್ದರು. ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿಯಾಗುತ್ತಿತ್ತು. ಒಂದು ಅರ್ಥ್ ಪಟ್ಟಿ ಹೊಸದು ಹಾಕಿದೆ, ಅಷ್ಟೇ.

ಪಟ್ಟಿ ಹಾಕುವಾಗ ಚಾಸಿಯ ಬಣ್ಣ ಬೆಳ್ಳಗೆ ಹೊಳೆಯುವವರೆಗೆ ಕೆರೆಯಿರಿ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಮೇಲೆ ವ್ಯಾಸಲೀನ್ ಅಥವಾ ಗ್ರೀಸ್ ಸವರಿ. ಮೊದಲು ಸವರಿ ಆಮೇಲೆ ಬಿಗಿ ಮಾಡುವುದಲ್ಲ. ಇಷ್ಟೆಲ್ಲ ಆದಮೇಲೂ 'ಟಕ್' ಅಂತಲೇ ನಿಂತರೆ, ಆ ಹೊತ್ತಿಗೆ ಹೆಡ್‌ಲೈಟ್ ಹಾಕಿ ನೋಡಿ. ಲೈಟು ಆರಿಹೋಗುವಷ್ಟು ಇಳಿದರೆ ಇನ್ನೂ ಬ್ಯಾಟರಿ, ಕೇಬಲ್ ಕಡೆಯೇ ಹುಡುಕಿ. ಲೈಟು ಹಾಗೇ ಉರಿಯುತ್ತಿದ್ದರೆ ಸೆಲ್ಫಿನ ಸೊಲೆನಾಯ್ಡ್ (ಮೋಟರಿಗೆ ಕರೆಂಟು ಹಚ್ಚುವ ಸ್ವಿಚ್ಚು) ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ, ಇಲ್ಲವೇ ಕಾರ್ಬನ್ ಸವೆದಿದೆ. ಅದನ್ನು ಬದಲಿಸಬಹುದು. ಕಂಪನಿಯ ಹಳೇ ಸೆಲ್ಫಿನ ಬಾಡಿ ಗಟ್ಟಿ. ಅದನ್ನು ಕೊಟ್ಟು ಹೆಸರಿಲ್ಲದ ಹೊಸದು ತರಬೇಡಿ.

ಹೆಡ್‌ಲೈಟಿನ ಕಥೆಯೂ ಇದೇ. ಗಾಡಿಯ ಬಲ್ಬು 60/55 ವ್ಯಾಟಿನದು. ಎರಡೂ ಬಲ್ಬಿನ ಬ್ರೈಟ್ ಉರಿದರೆ 10 ಆಂಪಿಯರ್. ಹಳೇ ಗಾಡಿಗಳಲ್ಲಿ ಆ ಕರೆಂಟೆಲ್ಲ ಬ್ಯಾಟರಿಯಿಂದ ಕ್ಯಾಬಿನ್ ಒಳಗೆ ಬಂದು, ಸ್ವಿಚ್ಚಿನಲ್ಲಿ ಹಾದು, ಡಿಮ್-ಬ್ರೈಟ್ ಸ್ವಿಚ್ಚಿನಲ್ಲಿ ಹಾದು, ಮತ್ತೆ ಮುಂದೆ ಹೋಗಬೇಕು. ವೈರು ಸಣ್ಣದು. 1 ಸ್ಕ್ವೇರ್ ಎಂಎಂ ತಾಮ್ರದ ವೈರು 4 ಮೀಟರ್ ಉದ್ದ ಇದ್ದರೆ 10 ಆಂಪಿಯರಿಗೆ ಸುಮಾರು 0.7 ವೋಲ್ಟ್ ವೈರಿನಲ್ಲೇ ಹೋಗುತ್ತದೆ. ಅದರ ಮೇಲೆ ಇಪ್ಪತ್ತು ವರ್ಷ ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ಥು. ಬ್ಯಾಟರಿ ಮೇಲೆ 14 ವೋಲ್ಟ್ ಇರುವಾಗ ಬಲ್ಬಿನ ಹೋಲ್ಡರಿನಲ್ಲಿ ಹನ್ನೊಂದು ಚಿಲ್ಲರೆ ಕಂಡಿದ್ದೇನೆ. ಬಲ್ಬಿನ ಬೆಳಕು ವೋಲ್ಟೇಜ್ ಇಳಿದಷ್ಟೇ ಇಳಿಯುವುದಿಲ್ಲ, ಅದಕ್ಕಿಂತ ಎಷ್ಟೋ ಜೋರಾಗಿ ಇಳಿಯುತ್ತದೆ. ವೋಲ್ಟೇಜ್ ನೂರಕ್ಕೆ 10 ಕಡಿಮೆಯಾದರೆ ಬೆಳಕು ಸುಮಾರು 30 ಕಡಿಮೆ. 20 ಕಡಿಮೆಯಾದರೆ ಅರ್ಧ ಬೆಳಕೂ ಉಳಿಯುವುದಿಲ್ಲ. ನಿಮ್ಮ ಬಲ್ಬು ಮಂಕಲ್ಲ, ಅದಕ್ಕೆ ಊಟ ಸಿಗುತ್ತಿಲ್ಲ.

ಇದಕ್ಕೆ 100/90 ವ್ಯಾಟಿನ ಬಲ್ಬು ಹಾಕಿದರೆ ಅದೇ ಬಡ ವೈರಿನಲ್ಲಿ 16 ಆಂಪಿಯರಿಗಿಂತ ಜಾಸ್ತಿ ಹೋಗುತ್ತದೆ. ಸ್ವಿಚ್ಚು ಕರಗುತ್ತದೆ. ನಾನು ಬಿಚ್ಚಿದ ಎಷ್ಟೋ ಡ್ಯಾಶ್‌ಬೋರ್ಡ್‌ಗಳಲ್ಲಿ ಕರಗಿದ ಸ್ವಿಚ್ಚಿನ ಹಿಂದೆ ಇಂಥ ಬಲ್ಬೇ ಇತ್ತು. ಬೇಕಾಗಿರುವುದು ಎರಡು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಚ್ಚುವ ಸ್ವಿಚ್ಚು. ಒಂದು ಡಿಮ್ಮಿಗೆ, ಒಂದು ಬ್ರೈಟಿಗೆ. ಬ್ಯಾಟರಿ ಪ್ಲಸ್ಸಿನಿಂದ 2.5 ಸ್ಕ್ವೇರ್ ಎಂಎಂ ವೈರು ತಂದು ರಿಲೇಯ 30ನೇ ಪಿನ್ನಿಗೆ ಕೊಡಿ. ಬ್ಯಾಟರಿಯ ಮಗ್ಗುಲಲ್ಲೇ 20 ಆಂಪಿಯರ್ ಫ್ಯೂಸ್ ಇರಲಿ. 87ರಿಂದ ಬಲ್ಬಿಗೆ. ಹಳೇ ಹೆಡ್‌ಲೈಟ್ ವೈರನ್ನು 86ಕ್ಕೆ, 85 ಅರ್ಥಿಗೆ. ಹಳೇ ಸ್ವಿಚ್ಚು ಈಗ ರಿಲೇಗೆ ಸಂಜ್ಞೆ ಮಾತ್ರ ಕೊಡುತ್ತದೆ, ಭಾರ ಹೊರುವುದಿಲ್ಲ. ಡಿಮ್ಮಿಗೂ ಬ್ರೈಟಿಗೂ ಫ್ಯೂಸ್ ಬೇರೆ ಬೇರೆ ಇರಲೇಬೇಕು. ಒಂದು ಹೋದರೂ ರಾತ್ರಿ ಕಣ್ಣಿಗೆ ಪೂರ್ತಿ ಕತ್ತಲೆ ಆಗಬಾರದು. ಒಂದು ಎಚ್ಚರಿಕೆ: ಕೆಲವು ಗಾಡಿಗಳಲ್ಲಿ ಸ್ವಿಚ್ಚು ಪ್ಲಸ್ ಕಡೆ ಅಲ್ಲ, ಅರ್ಥ್ ಕಡೆ ಕತ್ತರಿಸುತ್ತದೆ. ನಡುವೆ ಯಾರಾದರೂ ವೈರಿಂಗ್ ಬದಲಿಸಿದ್ದರೆ ಏನು ಮಾಡಿದ್ದಾರೋ ಗೊತ್ತಿರುವುದಿಲ್ಲ. ಟೆಸ್ಟ್ ಲ್ಯಾಂಪ್ ಹಾಕಿ ನೋಡಿಯೇ ಕೈ ಹಚ್ಚಿ.

ಇಷ್ಟು ಮಾಡಿಸಿ, ಮಂಜು ಹಿಡಿದ ಗ್ಲಾಸು ಮತ್ತು ಕನ್ನಡಿ ಕಪ್ಪಾದ ಡೂಮ್ ಬದಲಿಸಿ, ಗೋಡೆಗೆ ಬೆಳಕು ಹಾಯಿಸಿ ಲೈಟಿನ ದಿಕ್ಕು ಸರಿ ಮಾಡಿಸಿ. ಎಲ್‌ಇಡಿ ಬಾರ್ ಬೇಕು ಅಂತ ನಿಮಗೆ ಮತ್ತೆ ಅನ್ನಿಸುವುದಿಲ್ಲ. ನಿಮ್ಮ ಕಷ್ಟ ನನಗೆ ಗೊತ್ತು. ಕಬ್ಬಿನ ಸೀಸನ್ನಿನಲ್ಲಿ ಅಥಣಿ ರೋಡ್ ಮೇಲೆ ರಾತ್ರಿ ಹೊರಟರೆ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ಹಿಂದೆ ಒಂದು ರಿಫ್ಲೆಕ್ಟರೂ ಇರುವುದಿಲ್ಲ. ಆದರೆ ಬಾರಿನ ಬೆಳಕು ಎದುರಿನ ಬೈಕಿನವನ ಕಣ್ಣು ಕುಕ್ಕುತ್ತದೆ. ಅವನಿಗೆ ಆ ಟ್ರಾಲಿ ಕಾಣುವುದಿಲ್ಲ. ಮೂಲ ಹ್ಯಾಲೋಜನ್ ಡೂಮಿಗೆ ಎಲ್‌ಇಡಿ ಬಲ್ಬು ತುರುಕಿದರೂ ಹಾಗೇ. ಡೂಮಿನ ಕನ್ನಡಿ ಫಿಲಮೆಂಟ್ ಇರುವ ಜಾಗ ನೋಡಿ ಮಾಡಿದ್ದು. ಬೆಳಕು ಹುಟ್ಟುವ ಜಾಗ ಸರಿದರೆ ಅದು ರಸ್ತೆ ಬಿಟ್ಟು ಎಲ್ಲಾ ಕಡೆ ಚೆಲ್ಲುತ್ತದೆ. 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಲೈಟುಗಳ ಮೇಲೆ ರಾಜ್ಯದ ಪೊಲೀಸರು ವಿಶೇಷ ಕಾರ್ಯಾಚರಣೆಯನ್ನೇ ಮಾಡಿದ್ದರು.

ಡೈನಮೋ ಚಾರ್ಜಿಂಗ್ ಕೂಡ ನೋಡಿಬಿಡಿ. ಇಂಜಿನ್ ಸ್ವಲ್ಪ ಏರಿಸಿದಾಗ ಬ್ಯಾಟರಿ ಮೇಲೆ 13.8ರಿಂದ 14.4 ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಕೀ ಹಾಕಿದಾಗ ಉರಿಯದಿದ್ದರೆ ಅದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಹಳೇ ಡೈನಮೋಗಳಲ್ಲಿ ಆ ಬಲ್ಬಿನ ಮೂಲಕ ಹೋಗುವ ಸಣ್ಣ ಕರೆಂಟೇ ಡೈನಮೋವನ್ನು ಎಬ್ಬಿಸುವುದು. ಬಲ್ಬು ಸುಟ್ಟರೆ ಚಾರ್ಜಿಂಗ್ ಶುರುವಾಗದೇ ಇರಬಹುದು. ಎಷ್ಟೋ ಡೈನಮೋ ಈ ಒಂದು ಪುಟ್ಟ ಬಲ್ಬಿನ ಸಲುವಾಗಿ ಗುಜರಿಗೆ ಹೋಗಿವೆ.

ವೈರು ಕೂಡಿಸುವಾಗ ತಿರುವಿ ಪ್ಲಾಸ್ಟಿಕ್ ಟೇಪ್ ಸುತ್ತಲು ಬಿಡಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ, ಅದರ ಮೇಲೆ ಇಂಜಿನ್ನಿನ ಕಾವಿಗೆ, ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸರಿಯಾದ ಥಿಂಬಲ್ ಹಾಕಿ ಇಕ್ಕಳದಿಂದ ಒತ್ತಿಸಿ, ಮೇಲೆ ಹೀಟ್ ಶ್ರಿಂಕ್ ಟ್ಯೂಬು ಎಳೆಸಿ. ವೈರು ಚಾಸಿಯ ತೂತಿನಲ್ಲಿ ಹಾಯುವಲ್ಲೆಲ್ಲ ರಬ್ಬರ್ ಬುಶ್ ಇರಲಿ.

ಇನ್ನು ಪಾಟಾ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ನಿಮ್ಮ ದುಡ್ಡೂ ದ್ರಾಕ್ಷಿಯೂ ಇಲ್ಲೇ ಹೋಗುವುದು.

ಎಡಗಡೆ ಕೂತಿದೆ ಅಂದಿರಿ. ಎಷ್ಟು ಕೂತಿದೆ ಅಂತ ಅಳೆದಿದ್ದೀರಾ? ಸಪಾಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹೊಡೆಸಿ, ಬಾಡಿ ಖಾಲಿ ಇಟ್ಟು, ಹಿಂದಿನ ಹೌಸಿಂಗಿನ ಮೇಲ್ಭಾಗದಿಂದ ಚಾಸಿಯ ಕೆಳಭಾಗಕ್ಕೆ ಟೇಪ್ ಹಿಡಿಯಿರಿ. ಎರಡೂ ಕಡೆ ಬರೆದುಕೊಳ್ಳಿ. ಮುಂದೆಯೂ ಅಳೆಯಿರಿ. ಮುಂದೆ ಒಂದು ಕಡೆಯ ಪಾಟಾ ಕೂತರೂ ಹಿಂದೆ ವಾಲಿದ ಹಾಗೆ ಕಾಣುತ್ತದೆ. ಇನ್ನು ಬಾಡಿಯ ಮರ ಕೊಳೆತು ವಾಲಿದ್ದನ್ನು ಪಾಟಾದ ಮೇಲೆ ಹೊರಿಸಿದ್ದೂ ಉಂಟು. ಹೌಸಿಂಗಿನಿಂದ ಅಳೆದರೆ ಆ ಗೊಂದಲ ಇರುವುದಿಲ್ಲ.

ಒಂದೇ ಕಡೆ ಕೂತಿದ್ದರೆ ಹೆಚ್ಚಿನ ಸಲ ಅಲ್ಲಿ ಒಂದು ಪಾಟಾ ಮುರಿದಿರುತ್ತದೆ. ನಡುವಿನದ್ದು ಮುರಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಮಣ್ಣು ಮೆತ್ತಿರುತ್ತದೆ. ಎರೆ ಮಣ್ಣು ಒಣಗಿದರೆ ಸಿಮೆಂಟಿನ ಹಾಗೆ. ನೀರು ಹೊಡೆದು ತೊಳೆದು ಒಂದೊಂದೇ ಪಾಟಾ ನೋಡಿ. ಮುರಿಯುವುದು ಸಾಮಾನ್ಯವಾಗಿ ಪಾಟಾಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನ ಹತ್ತಿರ. ಅದಕ್ಕೆ ಕಾರಣ ಇದೆ. ಯು-ಬೋಲ್ಟ್ ಬಿಗಿ ಇದ್ದಾಗ ಪಾಟಾದ ನಡುಭಾಗ ಹೌಸಿಂಗಿಗೆ ಅದುಮಿಕೊಂಡಿರುತ್ತದೆ, ಅಲ್ಲಿ ಬಾಗುವುದೇ ಇಲ್ಲ. ಯು-ಬೋಲ್ಟ್ ಸಡಿಲವಾದರೆ ತೂತಿನ ಜಾಗವೂ ಬಾಗತೊಡಗುತ್ತದೆ. ತೂತು ಇರುವ ಜಾಗ ಮೊದಲೇ ಬಲ ಕಡಿಮೆ, ಅಲ್ಲೇ ಸೀಳುತ್ತದೆ. ಸೆಂಟರ್ ಬೋಲ್ಟ್ ತುಂಡಾದರಂತೂ ಹೌಸಿಂಗೇ ಹಿಂದೆ ಮುಂದೆ ಸರಿದು ಗಾಡಿ ಏಡಿಯ ಹಾಗೆ ಓಡುತ್ತದೆ. ಯು-ಬೋಲ್ಟ್ ಬಿಗಿ ಮಾಡಿಸದ ತಪ್ಪಿಗೆ ನಾವು ಪಾಟಾ ಕಂಪನಿಯನ್ನು ಬೈಯುತ್ತೇವೆ.

ಈಗ ಎರಡು ಪಾಟಾ ಜಾಸ್ತಿ ಹಾಕುವ ವಿಷಯ. ನಿಮ್ಮ ಗಾಡಿಗೆ ಹಿಂದೆ ಒಂದು ಕಡೆಗೆ 8 ಪಾಟಾ ಇವೆ ಅಂದುಕೊಳ್ಳಿ. ಅದೇ ದಪ್ಪದ ಇನ್ನೆರಡು ಸೇರಿಸಿದರೆ ಹೆಚ್ಚುಕಡಿಮೆ ಕಾಲು ಭಾಗ ಗಟ್ಟಿಯಾಗುತ್ತದೆ. ಅದೇ 8 ಮಿಲಿಮೀಟರ್ ಪಾಟಾ ತೆಗೆದು 10 ಮಿಲಿಮೀಟರಿನದ್ದು ಹಾಕಿದರೆ? ಹತ್ತಿರ ಹತ್ತಿರ ಎರಡರಷ್ಟು! ಪಾಟಾದ ಗಟ್ಟಿತನ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಗುಜರಿಯಿಂದ ಲಾರಿಯ ಪಾಟಾ ಕತ್ತರಿಸಿ ತಂದು ಪಿಕಪ್ಪಿಗೆ ಹಾಕುತ್ತಾರಲ್ಲ, ಅದು ಯಾಕೆ ಕಲ್ಲಿನ ಹಾಗಾಗುತ್ತದೆ ಅಂತ ಇದರಿಂದ ತಿಳಿಯುತ್ತದೆ.

ಕಲ್ಲಿನ ಹಾಗಾದರೆ ಏನು ಅಂತ ಕೇಳಬಹುದು. ನೀವು ಒಯ್ಯುವುದು ದ್ರಾಕ್ಷಿ. ಕ್ರೇಟ್ ಎತ್ತರಕ್ಕೆ ಜೋಡಿಸಿದರೂ ಗೊಬ್ಬರದ ಚೀಲದಷ್ಟು ತೂಕ ಬರುವುದಿಲ್ಲ. ಅಷ್ಟು ತೂಕಕ್ಕೆ ಬಾಗದ ಪಾಟಾ ತೋಟದ ದಾರಿಯ ಪ್ರತಿ ಗುಂಡಿಯನ್ನೂ ನೇರ ಕ್ರೇಟಿಗೆ ಮುಟ್ಟಿಸುತ್ತದೆ. ತೊಟ್ಟಿನಿಂದ ಮಣಿ ಉದುರುತ್ತವೆ, ಕೆಳಗಿನ ಕ್ರೇಟಿನ ಗೊಂಚಲು ಜಜ್ಜಿ ರಸ ಒಸರುತ್ತದೆ. ಒಂದೇ ತೋಟದ ಮಾಲು ಎರಡು ಗಾಡಿಯಲ್ಲಿ ಹೋಗಿ, ಗಟ್ಟಿ ಪಾಟಾದ ಗಾಡಿಯಲ್ಲಿ ಕೆಳಗಿನ ಸಾಲಿನ ಕ್ರೇಟಿನ ತಳ ಒದ್ದೆಯಾಗಿ ಇಳಿದದ್ದನ್ನು ನಾನೇ ನೋಡಿದ್ದೇನೆ. ವರ್ಷವಿಡೀ ಮಗುವಿನ ಹಾಗೆ ನೋಡಿಕೊಂಡ ಬೆಳೆ ಅದು, ಕೊನೇ ಮೂವತ್ತು ಕಿಲೋಮೀಟರಿನಲ್ಲಿ ಹಾಳಾಗಬಾರದು.

ಇನ್ನೊಂದು ಅಪಾಯ ಬಹಳ ಜನಕ್ಕೆ ಗೊತ್ತಿಲ್ಲ. ಗಾಡಿ ಕೆಳಗೆ ಹೊಕ್ಕು ನೋಡಿ. ಹಿಂದಿನ ಹೌಸಿಂಗಿನಿಂದ ಚಾಸಿಯ ಮೇಲಿನ ಒಂದು ಬ್ರೇಕ್ ವಾಲ್ವಿಗೆ ಸಣ್ಣ ಕಂಬಿ ಅಥವಾ ಸ್ಪ್ರಿಂಗ್ ಇದೆಯಾ? ಇದ್ದರೆ ಅದು ಲೋಡಿಗೆ ತಕ್ಕ ಹಾಗೆ ಹಿಂದಿನ ಬ್ರೇಕಿನ ಬಲ ಬದಲಿಸುವ ವಾಲ್ವು. ಲೋಡ್ ಬಿದ್ದು ಚಾಸಿ ಕೆಳಗಿಳಿದರೆ 'ತೂಕ ಇದೆ' ಅಂತ ಹಿಂದೆ ಜಾಸ್ತಿ ಬ್ರೇಕ್ ಕೊಡುತ್ತದೆ. ನೀವು ಪಾಟಾ ಗಟ್ಟಿ ಮಾಡಿ, ಶಾಕಲ್ ಉದ್ದ ಮಾಡಿ ಚಾಸಿಯನ್ನು ಮೇಲೆತ್ತಿದರೆ ಗಾಡಿ ತುಂಬಿದ್ದರೂ ಖಾಲಿ ಇದೆ ಅಂತಲೇ ಅದು ತಿಳಿಯುತ್ತದೆ. ಹಿಂದಿನ ಬ್ರೇಕ್ ಅರ್ಧಂಬರ್ಧ ಹಿಡಿಯುತ್ತದೆ. ಲೋಡ್ ಹೊತ್ತು ಇಳಿಜಾರಿನಲ್ಲಿ ಬರುವಾಗ ಅದರ ಫಲ ಗೊತ್ತಾಗುತ್ತದೆ.

ಉದ್ದ ಶಾಕಲ್ ಬೇಡವೇ ಬೇಡ. ಶಾಕಲ್ 2 ಇಂಚು ಉದ್ದ ಮಾಡಿದರೆ ಗಾಡಿ ಏರುವುದು 1 ಇಂಚು. ಅಷ್ಟಕ್ಕೆ ಹೌಸಿಂಗಿನ ಮೂತಿ ತಿರುಗುತ್ತದೆ, ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಓರೆಯಾಗಿ ಓಡಿ ಗುಂಯ್ ಅನ್ನಲು ಶುರು ಮಾಡುತ್ತದೆ. ಮುಂದಿನ ಪಾಟಾಕ್ಕೆ ಮಾಡಿದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕೆಡುತ್ತದೆ.

ಹಾಗಾದರೆ ಏನು ಮಾಡಿಸಬೇಕು? ಎರಡೂ ಕಡೆಯ ಪಾಟಾ ಕಟ್ಟು ಪೂರ್ತಿ ಇಳಿಸಿ. ಬಿಚ್ಚುವ ಮುಂಚೆ ಕಟ್ಟನ್ನು ಗಟ್ಟಿ ಶಿಕಂಜೆಯಲ್ಲಿ ಹಿಡಿಯಲೇಬೇಕು. ಸೆಂಟರ್ ಬೋಲ್ಟ್ ಕತ್ತರಿಸಿದರೆ ಪಾಟಾ ಹಾರಿ ಹೊಡೆಯುತ್ತವೆ. ಮುರಿದದ್ದು, ತುದಿ ಸವೆದು ಕೆಳಗಿನದರಲ್ಲಿ ಗುಳಿ ಬಿದ್ದದ್ದು ಬೇರೆ ಇಡಿ. ಅದೇ ದಪ್ಪ, ಅದೇ ಅಗಲದ ಪಾಟಾ ಬದಲಿಗೆ ತನ್ನಿ. ಬೆಳಗಾವಿಯ ಆಟೋ ನಗರ ಇಲ್ಲವೇ ಸೊಲ್ಲಾಪುರದಲ್ಲಿ ಹುಡುಕಿ ನೋಡಿ. ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಎರಡೂ ಕಡೆ ಹೊಸ ಕಟ್ಟು ಹಾಕಿಸುವುದೇ ವಾಸಿ. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಇನ್ನೊಂದು ಕಡೆಗೆ ವಾಲುತ್ತದೆ, ಅಷ್ಟೇ ವ್ಯತ್ಯಾಸ.

ಹಳೇ ಪಾಟಾಕ್ಕೆ ಸುತ್ತಿಗೆಯಿಂದ ಹೊಡೆದು ಕಮಾನ್ ಏರಿಸಿಕೊಡುವವರಿದ್ದಾರೆ. ನುರಿತ ಕೈ ಇದ್ದರೆ ತಣ್ಣಗಿನ ಪಾಟಾಕ್ಕೆ ಹೊಡೆದ ಕಮಾನ್ ಸ್ವಲ್ಪ ಕಾಲ ನಿಲ್ಲುತ್ತದೆ, ಆಮೇಲೆ ಮತ್ತೆ ಕೂರುತ್ತದೆ. ಆದರೆ ಗ್ಯಾಸ್ ಬೆಂಕಿ ಹಿಡಿದು ಕೆಂಪಗೆ ಕಾಯಿಸಿ ಬಗ್ಗಿಸಲು ಬಂದರೆ ಕೈ ಹಿಡಿದು ನಿಲ್ಲಿಸಿ. ಸ್ಪ್ರಿಂಗ್ ಉಕ್ಕಿನ ಪುಟಿಯುವ ಗುಣ ಅದನ್ನು ಎಣ್ಣೆಯಲ್ಲಿ ಅದ್ದಿ ಹದ ಮಾಡಿದಾಗ ಬಂದದ್ದು. ಬೆಂಕಿ ತಾಗಿದ ಜಾಗದಲ್ಲಿ ಆ ಹದ ಹೋಯಿತು. ಪಾಟಾದ ಹತ್ತಿರ ವೆಲ್ಡಿಂಗ್ ಮಾಡುವಾಗ ಒದ್ದೆ ಗೋಣಿ ಮುಚ್ಚಿಸಿ. ಒಂದು ಕಿಡಿ ಹತ್ತಿಕೊಂಡ ಚುಕ್ಕೆಯಿಂದಲೂ ಸೀಳು ಶುರುವಾಗುತ್ತದೆ.

ಜೋಡಿಸುವಾಗ ಪಾಟಾಗಳ ನಡುವೆ ತುಕ್ಕು ಕೆರೆದು ಗ್ರಾಫೈಟ್ ಗ್ರೀಸ್ ಸವರಿಸಿ. ಪಾಟಾ ಒಂದರ ಮೇಲೊಂದು ಜಾರಿದರೇ ಅದು ಮೆತ್ತಗೆ ಕೆಲಸ ಮಾಡುವುದು. ಆಮೇಲೆ ಹಳೇ ಇಂಜಿನ್ ಆಯಿಲ್ ಸುರಿಯುವ ರೂಢಿ ಬಿಡಿ, ಅದು ರಬ್ಬರ್ ಬುಶ್ ತಿಂದುಹಾಕುತ್ತದೆ. ಭಾರದ ಲೋಡಿಗೆ ಮೇಲೆ ಹೆಲ್ಪರ್ ಪಾಟಾ ಇದ್ದರೆ, ಅದರ ತುದಿ ಬಂದು ತಾಗುವ ಚಾಸಿಯ ಬ್ರಾಕೆಟ್ ನೋಡಿ. ಆ ಬ್ರಾಕೆಟ್ ಸವೆದರೆ ಹೆಲ್ಪರ್ ತಡವಾಗಿ ತಾಗುತ್ತದೆ. ಅಷ್ಟರಲ್ಲಿ ಕೆಳಗಿನ ಪಾಟಾ ಅಳತೆ ಮೀರಿ ಬಾಗಿರುತ್ತದೆ. ಅದನ್ನು ಸರಿ ಮಾಡಿಸುವುದೇ ಎರಡು ಪಾಟಾ ಜಾಸ್ತಿ ಹಾಕಿದಷ್ಟು ಕೆಲಸ ಮಾಡುತ್ತದೆ. ಖಾಲಿ ಇರುವಾಗ ಮೆತ್ತಗೆ, ತುಂಬಿದಾಗ ಗಟ್ಟಿ. ಕಂಪನಿಯವರು ಯೋಚನೆ ಮಾಡಿಯೇ ಹಾಗೆ ಕೊಟ್ಟಿದ್ದಾರೆ.

ಬುಶ್ ಬದಲಿಸುವಾಗ ಒಂದು ಸೂಕ್ಷ್ಮ ಇದೆ. ರಬ್ಬರ್ ಬುಶ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಜಾಕ್ ಮೇಲೆ ಗಾಡಿ ತೂಗುತ್ತಿರುವಾಗಲೇ ಶಾಕಲ್ ಬೋಲ್ಟ್ ಪೂರ್ತಿ ಬಿಗಿ ಮಾಡಿದರೆ, ಇಳಿಸಿದ ತಕ್ಷಣ ಬುಶ್ ತಿರುಚಿಕೊಂಡು ಕೂರುತ್ತದೆ. ದಿನವಿಡೀ ಅದೇ ಸ್ಥಿತಿಯಲ್ಲಿ ಓಡಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟ್ ಕೈಬಿಗಿ ಮಾಡಿ ಗಾಡಿ ನೆಲಕ್ಕಿಳಿಸಿ, ಎರಡು ಸಲ ಹಿಂದೆ ಮುಂದೆ ದೂಡಿ, ಆಮೇಲೆ ಪೂರ್ತಿ ಬಿಗಿ ಮಾಡಿಸಿ. ಐದು ನಿಮಿಷದ ಕೆಲಸ. ಹತ್ತಿರ ನಿಂತು ಮಾಡಿಸಿಕೊಳ್ಳಿ. ಹಿಂದೆ ಮುಂದೆ ಶಾಕ್ ಅಬ್ಸಾರ್ಬರ್ ಜೋಡಿಯಾಗಿ ಹೊಸದು ಹಾಕಿಸಿ, ಹಳೇ ಯು-ಬೋಲ್ಟ್ ಮತ್ತೆ ಹಾಕಬೇಡಿ.

ತೋಟದ ಗಾಡಿ ಆದ್ದರಿಂದ ತುಕ್ಕಿನ ಬಗ್ಗೆಯೂ ಹೇಳಬೇಕು. ಇಷ್ಟು ವರ್ಷ ಇದರಲ್ಲಿ ಪೊಟ್ಯಾಷ್ ಬಂದಿದೆ, ಯೂರಿಯಾ ಬಂದಿದೆ, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಬಂದಿದೆ. ಪೊಟ್ಯಾಷ್ ಅಂದರೆ ಒಂದು ಬಗೆಯ ಉಪ್ಪೇ. ಚೀಲದಿಂದ ಚೆಲ್ಲಿದ್ದು ಗಾಳಿಯ ತೇವ ಹೀರಿ ಬಾಡಿಯ ಸಂದಿಯಲ್ಲಿ ಇಳಿಯುತ್ತದೆ. ಮೈಲುತುತ್ತದ ನೀರು ಬರೀ ಕಬ್ಬಿಣಕ್ಕೆ ತಾಗಿದರೆ ತಾಮ್ರ ಅಂಟಿಕೊಂಡು ಕಬ್ಬಿಣ ಕರಗುತ್ತದೆ. ಹೆಚ್ಚು ಹಾಳಾಗಿರುವುದು ಬಾಡಿಯ ಅಡ್ಡ ತೊಲೆ ಚಾಸಿಯ ಮೇಲೆ ಕೂರುವ ಜಾಗ, ಮತ್ತೆ ಹಿಂದಿನ ಲೈಟಿನ ಅರ್ಥ್ ಬೋಲ್ಟು. ಇಂಡಿಕೇಟರ್ ಹಾಕಿದಾಗ ಟೇಲ್ ಲೈಟೂ ಜೊತೆಗೆ ಮಿಣುಕಿದರೆ ಆ ಅರ್ಥ್ ಹೋಗಿದೆ ಅಂತಲೇ ಲೆಕ್ಕ. ಬಾಡಿ ಎತ್ತಿಸಿ, ಚಾಸಿಯುದ್ದಕ್ಕೂ ಸಣ್ಣ ಸುತ್ತಿಗೆಯಿಂದ ಬಡಿಯುತ್ತಾ ಹೋಗಿ. ಗಟ್ಟಿ ಜಾಗ ಠಣ್ ಅನ್ನುತ್ತದೆ, ತಿಂದ ಜಾಗ ಮೆತ್ತಗೆ ಡಬ್ ಅನ್ನುತ್ತದೆ. ಪಾಟಾದ ಹ್ಯಾಂಗರ್ ಹತ್ತಿರ ಸೀಳು ಇದ್ದರೆ ಬೆಳಕು ಹಿಡಿದು ನೋಡಿ. ಸೀಳಿನ ತುದಿಗೆ ತೂತು ಕೊರೆದು ಅದು ಮುಂದೆ ಓಡದ ಹಾಗೆ ಮಾಡಿ, ಆಮೇಲೆ ವೆಲ್ಡ್ ಮಾಡಿ ಮೇಲೆ ಪ್ಲೇಟ್ ಹೊದಿಸಬೇಕು. ಪ್ಲೇಟಿನ ಎರಡು ತುದಿ ನೇರ ಕತ್ತರಿಸಿರಬಾರದು, ಓರೆಯಾಗಿರಬೇಕು. ನೇರ ಇದ್ದರೆ ಮುಂದಿನ ಸೀಳು ಅದೇ ಗೆರೆಯಲ್ಲಿ ಬರುತ್ತದೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ, ಡೈನಮೋ ವೈರು ಬಿಚ್ಚಿಡುವುದು ಮರೆಯಬೇಡಿ. ತುಕ್ಕಿನ ಮೇಲೆ ಕಪ್ಪು ಕೋಟಿಂಗ್ ಬಳಿದರೆ ತೇವ ಒಳಗೇ ಉಳಿದು ಇನ್ನೂ ಬೇಗ ತಿನ್ನುತ್ತದೆ. ಬೆಳ್ಳಗೆ ಕೆರೆಸಿ, ಎಪಾಕ್ಸಿ ಪ್ರೈಮರ್ ಹಾಕಿಸಿ, ಆಮೇಲೆ ಬಣ್ಣ. ಹೊರಗಿನ ಪೇಂಟಿಂಗ್ ಎಲ್ಲಕ್ಕಿಂತ ಕೊನೆಗೆ.

ಕಾಗದದ ಮಾತು ಎರಡೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಅಳತೆಗೆ ಬೇರೆಯಾಗುವ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೀಗೆ ಬದಲಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದ್ದಾರೆ. ಪಾಟಾ ಜಾಸ್ತಿ ಹಾಕಿದ ಮಾತ್ರಕ್ಕೆ ಆರ್‌ಸಿಯಲ್ಲಿ ಬರೆದ ತೂಕ ಏರುವುದಿಲ್ಲ. ಓವರ್‌ಲೋಡ್ ದಂಡ 20,000, ಮೇಲೆ ಜಾಸ್ತಿ ಇರುವ ಒಂದೊಂದು ಟನ್ನಿಗೆ 2,000. ನಿಮ್ಮದು ಗೂಡ್ಸ್ ಗಾಡಿ, 8 ವರ್ಷ ದಾಟಿದೆ, ಅಂದರೆ ಪ್ರತಿ ವರ್ಷ ಫಿಟ್ನೆಸ್ ಆಗಬೇಕು. ಎರಡು ವರ್ಷ ನಿಂತಿದೆ ಅಂದಮೇಲೆ ಅದು ಮುಗಿದಿರುತ್ತದೆ. ದುಡ್ಡು ಹಾಕುವ ಮೊದಲು ಆರ್‌ಸಿ ತಗೊಂಡು ಆರ್‌ಟಿಒ ಆಫೀಸಿಗೆ ಹೋಗಿ ಬಾಕಿ ಏನಿದೆ ಕೇಳಿಕೊಂಡು ಬನ್ನಿ. ಬಣ್ಣ ಬೇರೆ ಮಾಡಿಸುವ ಆಸೆ ಇದ್ದರೆ ಅದನ್ನೂ ಆರ್‌ಸಿಯಲ್ಲಿ ಬರೆಸಬೇಕು, ಆಗಲೇ ವಿಚಾರಿಸಿ.

ಕಟಾವು ಫೆಬ್ರವರಿಗೆ ಶುರುವಾಗುತ್ತದೆ ಅಂತ ಇಟ್ಟುಕೊಂಡರೆ ಜನವರಿ ಮೊದಲ ವಾರದೊಳಗೆ ಪಾಟಾ ಕೆಲಸ ಮುಗಿದಿರಲಿ. ಮೊದಲ ಟ್ರಿಪ್ಪಿಗೆ ದ್ರಾಕ್ಷಿ ತುಂಬಬೇಡಿ. ಗೊಬ್ಬರವೋ ಮೇವೋ ತುಂಬಿ ಐದಾರು ಸಲ ಓಡಿಸಿ. ಹೊಸ ಪಾಟಾ ಒಂದರ ಮೇಲೊಂದು ಕೂತು ಯು-ಬೋಲ್ಟ್ ಖಂಡಿತ ಸಡಿಲವಾಗುತ್ತದೆ. 500 ಕಿಲೋಮೀಟರ್ ಆದಮೇಲೆ ಗಾಡಿ ನೆಲದ ಮೇಲಿರುವಾಗ ನಾಲ್ಕೂ ನಟ್ಟನ್ನು ಕರ್ಣಕ್ಕೆ ಕರ್ಣ ಹಿಡಿದು ಮತ್ತೆ ಬಿಗಿ ಮಾಡಿಸಿ. ಆವತ್ತೇ ಟೇಪ್ ಹಿಡಿದು ಹೌಸಿಂಗಿನಿಂದ ಚಾಸಿಗೆ ಮತ್ತೊಮ್ಮೆ ಅಳೆದು, ಮೊದಲು ಬರೆದಿಟ್ಟ ಲೆಕ್ಕದ ಪಕ್ಕದಲ್ಲಿ ಬರೆಯಿರಿ. ಆ ಎರಡೂ ಅಳತೆ ನನಗೆ ಕಳಿಸಿ, ಹೆಲ್ಪರ್ ಬ್ರಾಕೆಟ್ಟಿಗೆ ಪ್ಯಾಡ್ ಎಷ್ಟು ದಪ್ಪ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.